ಮೂಕ ರೊಟ್ಟಿ

ಹೋದ ಐತವಾರ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.
ಹಾಸಿಗೆಯಲ್ಲೇ ಬೆಚ್ಚಿ ಕೂಗಿದೆ:
‘ಮೆಲ್ಲಕ ಬೇ, ಇವತ್ತು ಐತವಾರ!’
ಅವ್ವನ ಕೈ ಗಾಳಿಯಲ್ಲೇ ನಿಂತಿತು.
‘ಐತವಾರಾದ್ರ ಏನ? ರೊಟ್ಟಿ ಸೂಟಿ ತಗೋತಾವೇನು?’

ಹೇಗೆ ಹೇಳಲಿ.
ಅಲ್ಲಿ ನನ್ನ ಕೆಳಗಿನ ಮನೆಯಾಕೆ
ಬಾಗಿಲಿಗೆ ಚೀಟಿ ಅಂಟಿಸಿದ್ದಳು,
ದುಂಡನೆಯ ಅಕ್ಷರ, ತುಂಬಾ ಮರ್ಯಾದೆಯ ಮಾತು:
ರಜೆಯ ದಿನ ಮೇಲೆ ಯಾರೋ ಮೊಳೆ ಹೊಡೆದಂತಾಗುತ್ತದೆ,
ದಯವಿಟ್ಟು.
ನಿಘಂಟು ಹಿಡಿದು ಓದಿದೆ.
ಯಾವ ಮೊಳೆ ಎಂದು ತಿಳಿಯದೆ
ಅರ್ಧ ದಿನ ಗೋಡೆ ನೋಡಿದೆ.
ಆಮೇಲೆ ನನ್ನ ಅಂಗೈ ನೋಡಿದೆ.

ಅಂದಿನಿಂದ ಶನಿವಾರವೇ ಬಡಿದು, ಖಡಕ್ ಮಾಡಿ ಡಬ್ಬಿಗಿಡುತ್ತೇನೆ.
ಸುಡಾನಿನವನ ಅಂಗಡಿಯ ಜೋಳದ ಹಿಟ್ಟು,
ಹಲಗೆಯ ಕೆಳಗೆ ನಾಲ್ಕು ಮಡಿಕೆಯ ಟವೆಲ್ಲು.
ರೊಟ್ಟಿಯೇನೋ ದುಂಡಗಾಗುತ್ತದೆ.
ಮೂಕ ರೊಟ್ಟಿ.

ಹದಿನೆಂಟು ದಿನದ ರಜೆ. ಶಕ್ತಿನಗರದ ಓಣಿಯೆಲ್ಲ ಕೇಳುತ್ತದೆ,
ಪಗಾರ ಎಷ್ಟು, ಥಂಡಿ ಎಷ್ಟು,
ಅಲ್ಲಿ ಮುದುಕರನ್ನ ಎತ್ತಿ ಕೂಡ್ರಸೂದೂ ನೀನೇ ಏನು.
ಏನಂತ ಕರೀತಾರ ನಿನ್ನ, ಎಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಹುಲಿಗೆಮ್ಮ ಅವರ ಬಾಯಲ್ಲಿ ಹಿಡಿಸುವುದಿಲ್ಲ,
ಬಾಲ ಕತ್ತರಿಸಿ ಹುಲಿ ಎನ್ನುತ್ತಾರೆ.
ಬೆಳಗಾದರೆ ಇಡೀ ವಾರ್ಡು ಹುಲಿಯನ್ನು ಕರೆಯುತ್ತದೆ,
ಮೂತ್ರದ ಪಾತ್ರೆಗೆ, ಬಿದ್ದ ಕನ್ನಡಕಕ್ಕೆ, ಜಾರಿದ ಹೊದಿಕೆಗೆ.
ಒಮ್ಮೆಯೂ ಘರ್ಜಿಸಿಲ್ಲ.

ಮೊದಲ ಚಳಿಗಾಲ, ಕಿಟಕಿಯಾಚೆ ಬಿಳಿಯದೇನೋ ಉದುರಿತು.
ಗುಳಿಗೆ ತಟ್ಟೆ ಅಲ್ಲೇ ಬಿಟ್ಟು ಓಡಿದೆ:
‘ಯವ್ವಾ, ಬಟ್ಟಿ! ಮಾಳಿಗಿ ಮ್ಯಾಲಿನ ಬಟ್ಟಿ!’
ಥರ್ಮಲ್ಲಿನ ಚಿಮಣಿಗಳ ಕೆಳಗೆ ಇಪ್ಪತ್ತೆರಡು ವರ್ಷ ಬೆಳೆದವಳಿಗೆ
ಆಕಾಶದಿಂದ ಬೀಳುವುದು ಬೂದಿ.
ಮಳೆಯೂ ಬೀಳುತ್ತದೆ, ನೆನಪಾದಾಗ.

ಏಳನೇ ಹಾಸಿಗೆಯ ಫ್ರೌ ಲಿಂಡ್ನರ್, ತೊಂಬತ್ತೊಂದು,
ಏನು ಕೂಗಿದೆ ಎಂದಳು.
ನಾನು ಕಲಿತದ್ದು ಕಡಿಮೆ. ಅವರ ಭಾಷೆಯಲ್ಲಿ
ಚಮಚ ಗಂಡು, ಮುಳ್ಳುಚಮಚ ಹೆಣ್ಣು,
ಚಾಕು ಎರಡೂ ಅಲ್ಲ.
ಹಿಮ ಗಂಡು. ಬೂದಿ ಹೆಣ್ಣು.
ಲಿಂಗ ಸರಿಮಾಡಿಕೊಂಡು ಒಂದೊಂದೇ ಇಟ್ಟೆ:
ನಮ್ಮೂರು. ಕಲ್ಲಿದ್ದಲು. ಮೇಲಿಂದ ಬೂದಿ.
ನನ್ನ ಅವ್ವ, ಹಗ್ಗ, ಬಟ್ಟೆ.

ಮುದುಕಿ ಬಹಳ ಹೊತ್ತು ಸುಮ್ಮನಿದ್ದಳು.
‘ಸೋಮವಾರ’ ಎಂದಳು ಆಮೇಲೆ.
‘ನಮ್ಮಮ್ಮ ಸೋಮವಾರ ಒಗೆಯುತ್ತಿದ್ದಳು.
ಗಾಳಿ ಕಾರ್ಖಾನೆ ಕಡೆಯಿಂದ ತಿರುಗಿತೋ
ಐದೂ ಮಕ್ಕಳು ಓಡಬೇಕು.
ನನ್ನ ಮದುವೆಯ ಹಾಸೂ ಬೂದು ಬಣ್ಣದ್ದೇ.’
ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ
ಬೆರಳು ನೋಡಿಕೊಂಡಳು,
ಅವ್ವ ನೋಡಿಕೊಳ್ಳುವ ಹಾಗೆಯೇ.

ನಿನ್ನೆ ಸಂಜೆ ಕೃಷ್ಣೆಯ ಕಡೆಯಿಂದ ಬಿಸಿಗಾಳಿ.
ಮಾಳಿಗೆ ಹತ್ತಿ ಬಟ್ಟೆ ತೆಗೆಯುವಾಗ
ಅಂಗೈಯಲ್ಲಿ ಒಂದು ಚೂರು ಬಂದು ಕೂತಿತು.
ಕರಗಲಿ ಎಂದು ಕಾದೆ.
ಕಾಯುತ್ತಿರುವುದು ನನಗೆ ಗೊತ್ತಾದದ್ದು
ಕೆಳಗೆ ಅಪ್ಪ ಕೆಮ್ಮಿ, ಬೂಟು ಮೆಟ್ಟಿ
ರಾತ್ರಿ ಪಾಳಿಗೆ ಹೊರಟಾಗ.

ಇವತ್ತು ಮತ್ತೆ ಐತವಾರ.
ಎದ್ದೆ. ಮನೆಯಲ್ಲಿ ಸದ್ದಿಲ್ಲ.
ಒಲೆ ಮುಂದೆ ಅವ್ವ, ಹಲಗೆಯ ಕೆಳಗೆ
ನಾನೇ ತಂದ ಹೊಸ ಟವೆಲ್ಲು, ಮಡಿಸಿ ಮಡಿಸಿ.
ಟವೆಲ್ಲಿನ ಮಾತು ನಾನು ಹೇಳಿರಲೇ ಇಲ್ಲ.
ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ತಟ್ಟುತ್ತಿದ್ದಾಳೆ.
‘ಎದ್ದ್ಯಾ? ನಿದ್ದಿ ಕೆಡಿಸಿದ್ನೇನ?’

ಟವೆಲ್ಲು ಎಳೆದು ಒಗೆದೆ.
‘ಸರಿ ಬೇ, ನಾ ಬಡೀತೀನಿ.’
ಮೊದಲ ಏಟಿಗೇ ಅಂಚು ಸೀಳಿತು.
‘ಕೈಯಾಗ ಕಸುವಿಲ್ಲ ನಿಂದು’ ಎಂದಳು.
ಹಿಟ್ಟು ಮತ್ತೆ ಮುದ್ದೆ ಮಾಡಿ ಮತ್ತೆ ಬಡಿದೆ,
ಪಕ್ಕದ ಮನೆಯ ಕೂಸು ಏಳುವಷ್ಟು.
ನಮ್ಮ ಕೆಳಗಿರುವುದು ಎರೆಮಣ್ಣು, ಇರುವೆ.
ಅವು ಚೀಟಿ ಬರೆಯುವುದಿಲ್ಲ.