ಗಂಟೆ ಕಟ್ಟುವವಳು

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು
ಎಂದು ಇಲ್ಲಿ ಕೇಳುವುದಿಲ್ಲ.
ಲಿಮಾದ ಈ ನೆಲಮಾಳಿಗೆಯಲ್ಲಿ
ಅದು ಎರ್ಮೆಲಿಂದಾಳ ಕೆಲಸ, ಮಂಗಳವಾರ ಮಂಗಳವಾರ.

ಸೀಸದ ಇಟ್ಟಿಗೆಗಳಾಚೆ ಕೈಯಷ್ಟೇ ಚಾಚಿ
ಕಾಲರಾದ ವಿಷಕ್ಕೆ ಅಯೋಡಿನ್ನಿನ ಗಂಟೆ ಕಟ್ಟುತ್ತಾಳೆ,
ಕಣ್ಣಿಗೆ ಕಾಣದ್ದಕ್ಕೆ ಕಿವಿಗೆ ಕೇಳದ್ದು.
ಕೇಳುವುದು ಮೂಲೆಯ ಯಂತ್ರಕ್ಕೊಂದೇ.
ಅರವತ್ತು ದಿನಕ್ಕೆ ಗಂಟೆಯ ದನಿ ಅರ್ಧ,
ಅಷ್ಟರೊಳಗೆ ಮುಗಿಸಬೇಕು.

ಶುಕ್ರವಾರ ಅವಳ ಗಂಟಲಿಗೇ ಯಂತ್ರ ಹಿಡಿಯುತ್ತಾರೆ.
ಗಂಟೆಯ ಚೂರೇನಾದರೂ ಗಂಟಲಿಗಿಳಿಯಿತೆ?
ಇಲ್ಲ. ಸಹಿ ಮಾಡು. ಸ್ಕಾರ್ಫು ಸುತ್ತಿಕೋ, ಹೊರಗೆ ಮಂಜು.

ಮೊದಲ ವಾರ ಹೊಸ ಹುಡುಗ ಉಲ್ಪಿಯಾನೋ ಕುಣಿದಿದ್ದ:
ಈ ನಳಿಕೆಯಲ್ಲಿ ಸದ್ದೇ ಇಲ್ಲ ಸೆನ್ಯೋರಾ, ರೋಗಿ ಪಾರು!
ಅವಳು ತಲೆಯಾಡಿಸಿದಳು.
ಪ್ರತಿಕಾಯದ ಬೆಂಚಿನಲ್ಲಿ ಜಾಗ ಕಡಿಮೆ, ಮಗಾ.
ರೋಗಿಯ ವಿಷ ಬಂದು ಕೂತಷ್ಟೂ
ನಮ್ಮ ಗಂಟೆಯದಕ್ಕೆ ಕೂರಲು ತಾವಿಲ್ಲ.
ಸದ್ದು ಇಳಿದಷ್ಟೂ ವಿಷ ಜಾಸ್ತಿ.

ಇವತ್ತು ನಲವತ್ತಮೂರನೆಯ ನಳಿಕೆ.
ಹೆಸರಿಲ್ಲ. ಊರಿನ ಜಾಗದಲ್ಲಿ: ಕಯಾವೊ, ಮೀನಿನ ಧಕ್ಕೆ.
ಅಲ್ಲೇ ಅವಳ ತಮ್ಮ
ನಿಂಬೆ ಹಿಂಡಿದ ಹಸಿಮೀನು ಮಾರುತ್ತಿದ್ದದ್ದು.
ಫೆಬ್ರವರಿಯಿಂದ ಕೊಳ್ಳುವವರಿಲ್ಲ;
ಚೆಲ್ಲಲು ಮನಸ್ಸು ಬಾರದೆ ತಾನೇ ತಿನ್ನುತ್ತಿದ್ದ.

ನಲವತ್ತೊಂದು, ಗಲಗಲ.
ನಲವತ್ತೆರಡು, ಗಲಗಲ.
ಆಮೇಲೆ
ಉಲ್ಪಿಯಾನೋ ಈಗ ಕುಣಿಯುವುದಿಲ್ಲ,
ಕಿಟಕಿಯೇ ಇಲ್ಲದ ಗೋಡೆ ನೋಡುತ್ತಾನೆ.

ಪೂರ್ತಿ ಮೌನವೇನಲ್ಲ.
ಗೋಡೆಯ ಕಲ್ಲು, ಆಕಾಶ, ಅವಳ ಮೂಳೆ
ಎಲ್ಲವೂ ಒಂದಿಷ್ಟು ಸದ್ದು ಮಾಡುತ್ತವೆ ಯಾವಾಗಲೂ.
ಅದನ್ನು ಲೆಕ್ಕದಿಂದ ಕಳೆಯಬೇಕು.
ಪೆನ್ಸಿಲು ಒತ್ತಿ
ಕಳೆದಳು.