ಇಪ್ಪತ್ತು ಆಂಪಿಯರ್

ಡುಲೂತ್, ಜನವರಿ. ಆರ್ವಿಡ್ ಮಾಕೆಲಾನ ನೆಲಮಾಳಿಗೆ.
ಮೂವತ್ತೊಂದು ವರ್ಷ ಅದಿರು ಹಡಗುಕಟ್ಟೆಯಲ್ಲಿ ದುಡಿದು
ಕಿವಿ ಎರಡನ್ನೂ ಅಲ್ಲೇ ಬಿಟ್ಟು ಬಂದವನು
ಈಗ ಸಿನಿಮಾ ಕೋಣೆ ಕಟ್ಟಿಸುತ್ತಿದ್ದಾನೆ.

ಪರದೆಯಲ್ಲಿ ಗುಡುಗಿದರೆ
ಮೇಲೆ ಅಡುಗೆಮನೆಯ ದೀಪ ತಲೆ ತಗ್ಗಿಸುತ್ತಿತ್ತಂತೆ;
ಫ್ರಿಜ್ಜು ಬಿಕ್ಕಳಿಸಿದರೆ ಇಲ್ಲಿ ಕತ್ತಲು.
"ಒಂದೇ ತಟ್ಟೆಗೆ ನಾಲ್ವರ ಕೈ"
ಅಂದಳು ನನ್ನ ಗುರು ಡೆಲ್ಫೀನ್,
ಹಲ್ಲಲ್ಲಿ ಟಾರ್ಚು ಕಚ್ಚಿಕೊಂಡೇ.

ಹಳೆಯ ಸರ್ಕ್ಯೂಟು ಹದಿನೈದರದು.
ಹೊಸದಕ್ಕೆ ಇಪ್ಪತ್ತರ ಬ್ರೇಕರ್, ಹನ್ನೆರಡನೇ ನಂಬರಿನ ತಾಮ್ರ,
ನಡುವೆ ಯಾರ ಬಾಗಿಲಲ್ಲೂ ನಿಲ್ಲದೆ
ಪ್ಯಾನೆಲ್ಲಿನಿಂದ ನೆಟ್ಟಗೆ ಈ ಗೋಡೆಗೆ.
ತೊಲೆ ಕೊರೆದು ಕೊರೆದು ನನ್ನ ಕೊರಳೊಳಗೆಲ್ಲ ಮರದ ಹುಡಿ.

ಸಂಜೆಗೆ ಸ್ವಿಚ್ಚು ಒತ್ತಿದೆವು. ದೀಪ ಅಲುಗಲಿಲ್ಲ.
ಆದರೆ ಗುಂಯ್ ಅಂತ ಒಂದು ದನಿ,
ಮುಚ್ಚಿದ ಡಬ್ಬಿಯಲ್ಲಿ ದುಂಬಿ.
ಆರ್ವಿಡ್ ನಗುತ್ತಿದ್ದ. ಅವನಿಗದು ಕೇಳಿಸಲಿಲ್ಲ.
ಎಂದೂ ಕೇಳಿಸುವುದೂ ಇಲ್ಲ.
ನಾನು ಚೀಲ ಕಟ್ಟಿದೆ.

ಡೆಲ್ಫೀನ್ ಬೂಟು ಮೆಟ್ಟಿ ಹೊರಗೆ ಹೋದಳು.
ಕೇಬಲ್ ಟೀವಿಯವರು ಎಂದೋ ನೆಟ್ಟ ಬೇರೆಯೇ ಅರ್ಥಿಂಗ್ ಸರಳನ್ನು
ಹಿಮ ಬಗೆದು ಹುಡುಕಿ,
ಮನೆಯ ಸರಳಿಗೆ ತಂದು ಬಿಗಿದಳು.
"ಒಂದು ಮನೆಗೆ ಎರಡು ನೆಲ ಇರಬಾರದು."
ಆ ಗಂಟೆಯನ್ನು ಬಿಲ್ಲಿನಲ್ಲಿ ಬರೆಯಲಿಲ್ಲ.

ಮರಳಿ ಬಂದಾಗ ಗುಂಯ್ ಇಲ್ಲ.
ಆರ್ವಿಡ್ ಕಾಲುಚೀಲ ಕಳಚಿ
ಹೊಸ ಹಲಗೆಗೆ ಬರಿಗಾಲೊತ್ತಿ ಕೂತಿದ್ದ.
ದೊಡ್ಡ ಸ್ಪೀಕರು ಒಮ್ಮೆ ಉಸಿರೆಳೆಯಿತು;
ಹಿಮ್ಮಡಿಯಿಂದ ಏನೋ ಮೊಣಕಾಲಿಗೆ ಏರಿರಬೇಕು.
"ಹಡಗು" ಅಂದ, ತುಸು ಜೋರಾಗಿಯೇ,
"ಹಡಗು ಕಟ್ಟೆಗೆ ತಾಗಿತು."