ಗುಂಡಿ ಒತ್ತುವವಳು

ಕೌಲ್ ಬಜಾರಿನ ರಜಾಕ್ ಮಾಸ್ಟರ ಜೀನ್ಸ್ ಶೆಡ್ಡಿನಲ್ಲಿ
ಹತ್ತೊಂಬತ್ತು ವರ್ಷ ಗುಂಡಿ ಒತ್ತಿದವಳು ನಾನು.
ಭಾನುವಾರ ಮಾತ್ರ ರೈಫಲ್ ಸಂಘದ ಬಯಲಲ್ಲಿ
ಕಸ ಗುಡಿಸಿ, ಉದುರಿದ ಹಿತ್ತಾಳೆ ಚಿಪ್ಪು ಆಯ್ದು
ಎಣಿಸಿ ಕೊಡುವ ಕೆಲಸ.
ಒಂದು ಕಮ್ಮಿಯಾದರೂ ಸುಬೇದಾರ್ ಪೊಂಪನಗೌಡರು
ಹುಲ್ಲಿನ ಬುಡ ಬುಡ ಕೆದಕಿಸುತ್ತಾರೆ.

ಅವತ್ತು ಕರೆದರು: "ಸುಂಕಮ್ಮಾ, ಬಾ ಇಲ್ಲಿ.
ಚಿಪ್ಪು ಮತ್ತೆ ತುಂಬೋ ಪ್ರೆಸ್ಸು ಕೊಳ್ಳಬೇಕು ಸಂಘಕ್ಕೆ.
ಪರವಾನಗಿ ಬಂದು ಗೋಡೆ ಮೇಲೈತೆ.
ಮೂರು ತರಿಸೀವಿ ನೋಡಾಕ.
ಹಿಡಿಕೆ ಎಳೆಯೋದು ನಿನಗೆ ಗೊತ್ತಿದ್ದಷ್ಟು
ಈ ಕಮಿಟಿಯಲ್ಲಿ ಯಾರಿಗೈತೆ?"

ಮೂರೂ ಗಂಡುಗಳು ಮೇಜು ಕಚ್ಚಿಕೊಂಡು ನಿಂತಿದ್ದವು.
ನನ್ನ ಮದುವೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ.

ಕೆಂಪನೆಯದು ಹಗುರ. ಅಲ್ಯೂಮಿನಿಯಂ.
ಎಳೆದರೆ ಮೇಜಿನ ಜೊತೆ ತಾನೂ ನಡುಗಿತು,
ಹೊಸ ಗುಮಾಸ್ತನ ಸಹಿಯ ಹಾಗೆ.

ಹಸಿರಿನದು ಜಾಣ. ತಾನೇ ತಲೆ ತಿರುಗಿಸುತ್ತೆ.
ಐದು ಮನೆ, ಐದು ಕೆಲಸ, ಒಂದೇ ಎಳೆತಕ್ಕೆ.
"ಗಂಟೆಗೆ ನಾನೂರು" ಅಂದ ತಂದವನು.
ಆ ಲೆಕ್ಕ ಕಿವಿಗೆ ಬಿದ್ದದ್ದೇ
ನನ್ನ ಎಡಗೈ ಸೆರಗಿನೊಳಗೆ ಅಡಗಿತು.

ನಮ್ಮ ಶೆಡ್ಡಿನಲ್ಲೂ ಗಂಟೆಗೇ ಲೆಕ್ಕ.
ಗುಂಡಿಗೆ ಹನ್ನೆರಡು ಪೈಸೆ ಇದ್ದ ಕಾಲಕ್ಕೆ,
ದಸರೆಯ ಹಿಂದಿನ ವಾರ, ರಾತ್ರಿ ಪಾಳಿ,
ತೋರುಬೆರಳ ತುದಿ ಯಾವ ಪ್ಯಾಂಟಿನ ಜೊತೆ ಹೋಯಿತೋ,
ಈಗ ಯಾವ ಊರಿನವನ ಸೊಂಟದಲ್ಲೈತೋ.

ಮೂರನೆಯದು ಕಪ್ಪು. ಬೀಡುಕಬ್ಬಿಣ.
ತೀರಿಕೊಂಡವರ ಯಾರದೋ ಮನೆಯಿಂದ ಬಂದದ್ದಂತೆ.
ಒಂದೇ ಮನೆ. ಎಳೆತಕ್ಕೆ ಒಂದೇ ಕೆಲಸ.
ಹಿಡಿಕೆಯ ಮರ ಸವೆದು ಅಂಗೈಯ ಗುಳಿ ಮೂಡಿತ್ತು,
ಎಡಚನದು.
ಖಾಲಿ ಚಿಪ್ಪೊಂದನ್ನಿಟ್ಟು ಎಳೆದೆ.
ಮೊದಲು ಏನೂ ಇಲ್ಲ. ಆಮೇಲೆ ಹಿತ್ತಾಳೆ
ಬೇಡ ಅಂತು, ತುಸು ಹೊತ್ತು ಬೇಡ ಬೇಡ ಅಂತು,
ಒಪ್ಪಿತು.
ಅಷ್ಟೂ ಮಾತು ಮೊಣಕೈವರೆಗೆ ಕೇಳಿಸಿತು.
ಉಳಿದೆರಡು ಬಾಯಿ ಬಿಟ್ಟಿರಲಿಲ್ಲ.

"ಇದು" ಅಂದೆ.
"ಬಾಳ ನಿಧಾನ ಅಲ್ಲೇನಮ್ಮ?"
"ಸಾಹೇಬ್ರೇ, ಎದುರಿಗಿರೋದು ಕಾಗದ, ಅದಕ್ಕೇನು ಅವಸರ?
ಗುಂಡಿ ಕೆಟ್ಟರೆ ಪ್ಯಾಂಟು ಜಾರೀತು, ನಾಕು ಜನ ನಕ್ಕಾರು.
ಗುಂಡು ಕೆಟ್ಟರೆ
ಅದರ ಹತ್ತಿರ ಇರೋದು ಯಾರ ಕಣ್ಣು?"

ಕಮಿಟಿ ಸೇರಿತು. ಒಗ್ಗಾಣಿ, ಮಿರ್ಚಿ, ಎರಡು ಸುತ್ತು ಚಹಾ.
ಹಸಿರಿಗೆ ಏಳು ಕೈ, ಕಪ್ಪಿಗೆ ಒಂದು.
ಆ ಒಂದು ಕೈ ಯಾರದು ಅಂತ
ಕಪ್ಪು ಬಸಿ ತೊಳೆಯೋ ಹುಡುಗ ಬಂದು ಹೇಳಿದ.

ಕಪ್ಪನ್ನು ಗುಜರಿ ತೂಕಕ್ಕೆ ಹಾಕಿದರು. ಒಂಬತ್ತೂವರೆ ಕಿಲೋ.
ನಾನೇ ಕೊಂಡೆ, ಎರಡು ಕಂತಿನಲ್ಲಿ.
ಚಿಪ್ಪು ಹಿಡಿಯುವ ಬಾಯನ್ನು ಗೌಡರೇ ಬಿಚ್ಚಿ
ಬೀರುವಿನಲ್ಲಿಟ್ಟು ಬೀಗ ಹಾಕಿದರು.
ಲೇತಿನ ಹುಸೇನಪ್ಪ ಅಲ್ಲಿ ಗುಂಡಿಯ ಅಚ್ಚು ಕೂರಿಸಿಕೊಟ್ಟ.
"ನಮ್ಮ ಸಂಡೂರು ಗುಡ್ಡದ ಮಣ್ಣೇ ಇದು,
ಹಡಗು ಹತ್ತಿ ಹೋಗಿ ಹಿಂಗೆ ವಾಪಸು ಬಂದೈತೆ" ಅಂದ.
ನಾನು ಅದನ್ನೇನೂ ನಂಬಲಿಲ್ಲ. ತೂಕ ನಂಬಿದೆ.

ಈಗ ಮನೆ ಕಟ್ಟೆಯ ಮೇಲೈತೆ.
ದಿನಕ್ಕೆ ಅರವತ್ತು, ಎಪ್ಪತ್ತು. ಶೆಡ್ಡು ಬಿಟ್ಟೆ.
ಕಿತ್ತುಬಂದವು, ಮುರಿದವು, ಶಾಲೆ ಹುಡುಗರ ಚಡ್ಡಿ,
ಹೊಟ್ಟೆ ಬಂದ ಮೇಲೂ ಹಳೇ ಅಳತೆ ಬಿಡದವರ ಪ್ಯಾಂಟು.

ಹೋದ ವಾರ ಪೊಂಪನಗೌಡರು ಬಂದರು,
ಪೇಪರಿನಲ್ಲಿ ಸುತ್ತಿದ ಪ್ಯಾಂಟು ಕಂಕುಳಲ್ಲಿ.
ಹಸಿರಿನದು ಹೆಂಗೈತೆ ಅಂತ ನಾನು ಕೇಳಲಿಲ್ಲ.
ಅವರೂ ಹೇಳಲಿಲ್ಲ.
ಗುಂಡಿ ಇಟ್ಟು ಎಳೆದೆ.
ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿಸಿಕೊಂಡರು.
"ಕೂತಿತು" ಅಂದರು.

"ಇನ್ನೂ ಇಲ್ಲ" ಅಂದೆ.
ಕೂದಲೆಳೆಯಷ್ಟು ಬಾಕಿ ಇತ್ತು.